ಪೋರ್ಚುಗಲ್‌ನಾಗ ಏನು ತಿನ್ನೂದು, ಏನು ಕುಡಿಯೂದು? ಊರು, ಕಾಲ, ಅಳತಿ ಸಮೇತ ಹೇಳ್ರಿ

ಜೋಳದ_ರೊಟ್ಟಿ
ಜೂನ್ 11ಕ್ಕ ಲಿಸ್ಬನ್, ಆಮ್ಯಾಲ ಎರಡು ದಿನ ಎವೊರಾ, ಕಡೀಕ ಪೋರ್ಟೊ, 25ಕ್ಕ ವಾಪಸ್. ನಾಲ್ಕು ಮಂದಿ. ಇಬ್ಬರು ಎಲ್ಲಾ ತಿಂತಾರ, ಒಬ್ಬರು ದನ-ಹಂದಿ ಮುಟ್ಟೂದಿಲ್ಲ, ಒಬ್ಬರು ಸಸ್ಯಾಹಾರಿ (ತತ್ತಿ, ಹಾಲು ನಡೀತದ). "ತಿನ್ನಲೇಬೇಕಾದ ಹತ್ತು ತಿನಿಸು" ಅನ್ನೂ ಪಟ್ಟಿ ಬ್ಯಾಡ, ಅವು ಎಲ್ಲಾ ಕಡೆ ಒಂದೇ ಅದಾವ. ಯಾವುದು ಯಾವ ಊರಾಗ ಛಲೋ, ಹೆಂಗ ಕೇಳೂದು, ಎಲ್ಲಿ ಮೋಸ ಹೋಗ್ತೀವಿ, ಅದನ್ನ ಹೇಳ್ರಿ.

ಒಗ್ಗರಣೆ_ಡಬ್ಬಿ
ತಿಂಡಿಗಿಂತ ಮುಂಚೆ ಟೇಬಲ್ ವಿಷಯ ಹೇಳಿಬಿಡ್ತೀನಿ, ಜಗಳ ಆಗೋದೆಲ್ಲ ಅಲ್ಲೇ.

ಕೂತ ತಕ್ಷಣ ಕೇಳದೇ ಇದ್ರೂ ಬ್ರೆಡ್ಡು, ಆಲಿವ್, ಬೆಣ್ಣೆ, ಕೆಲವು ಕಡೆ ಒಂದು ಪುಟ್ಟ ಚೀಸ್ ತಂದಿಡ್ತಾರೆ. ಇದಕ್ಕೆ ಕುವೆರ್ ಅಂತಾರೆ. ಬಿಟ್ಟಿ ಅಲ್ಲ. ಒಂದೊಂದಕ್ಕೂ ಬೇರೆ ಬೇರೆ ದರ ಮೆನುವಲ್ಲಿ ಇರತ್ತೆ. ಆದ್ರೆ ನೀವು ಕೇಳದೇ, ಮುಟ್ಟದೇ ಇದ್ರೆ ದುಡ್ಡು ಹಾಕೋ ಹಾಗಿಲ್ಲ, ಅಲ್ಲಿಯ ಕಾನೂನೇ ಹಾಗಿದೆ. ಬೇಡ ಅಂದ್ರೆ ನಗುತ್ತಾ "ನಾಂವ್, ಒಬ್ರಿಗಾದು" ಅನ್ನಿ, ತಗೊಂಡು ಹೋಗ್ತಾರೆ, ಯಾರೂ ಬೇಜಾರು ಮಾಡ್ಕೊಳಲ್ಲ. ಬ್ರೆಡ್ ಮಾತ್ರ ಇಟ್ಕೊಂಡು ಚೀಸ್ ವಾಪಸ್ ಕೊಡೋದೂ ನಡೆಯತ್ತೆ. ಬಿಲ್‌ನಲ್ಲಿ ತಪ್ಪಿದ್ದು ಒಪ್ಪದೇ ಹೋದ್ರೆ ದೂರು ಪುಸ್ತಕ ಕೇಳಿ, "ಲಿವ್ರು ದೆ ರೆಕ್ಲಮಸೊಂಯ್ಶ್". ಪ್ರತಿ ಹೋಟೆಲಲ್ಲೂ ಇಡಲೇಬೇಕು. ಹೆಸರು ಹೇಳಿದ್ರೆ ಸಾಕು, ಎಷ್ಟೋ ಸಲ ಬರೆಯೋ ತನಕ ಹೋಗಲ್ಲ.

ಎರಡನೇದು ಅಳತೆ. ಮೆನುವಲ್ಲಿ ಎರಡು ದರ ಕಂಡ್ರೆ ಒಂದು "ದೋಸ್", ಇನ್ನೊಂದು "ಮೈಯಾ ದೋಸ್". ದೋಸ್ ಅಂದ್ರೆ ದೋಸೆ ಅಲ್ಲ, ಪಾಲು! ಹಳೇ ಕಾಲದ ಊಟದ ಮನೆಗಳಲ್ಲಿ, ಅದರಲ್ಲೂ ಉತ್ತರದ ಕಡೆ, ಒಂದು ಪೂರ್ತಿ ದೋಸ್ ಇಬ್ಬರಿಗೆ ಧಾರಾಳ. ಒಬ್ಬರಿಗೆ ಮೈಯಾ, ಅಂದ್ರೆ ಅರ್ಧ, ಸಾಕು. ನಾಲ್ಕು ಜನ ನಾಲ್ಕು ಪೂರ್ತಿ ಹೇಳಿದ್ರೆ ಅರ್ಧ ಬಿಟ್ಟು ಏಳಬೇಕಾಗತ್ತೆ.

ಮೂರನೇದು ಹೊತ್ತು. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡೂವರೆ, ರಾತ್ರಿ ಏಳೂವರೆ ಮೇಲೆ. ನಡುವೆ ಅಡುಗೆಮನೆ ಮುಚ್ಚಿರತ್ತೆ. ನಾಲ್ಕು ಗಂಟೆಗೆ ಹಸಿವಾದ್ರೆ ಪಶ್ತೆಲರಿಯಾ, ಅಂದ್ರೆ ಬೇಕರಿ-ಕಾಫಿ ಅಂಗಡಿ, ಅದೇ ಗತಿ. ಅಲ್ಲಿ ನಿಂತು ತಿಂದ್ರೆ ಒಂದು ದರ, ಹೊರಗಡೆ ಛತ್ರಿ ಕೆಳಗೆ ಕೂತ್ರೆ ಇನ್ನೊಂದು. ಮಧ್ಯಾಹ್ನ ಬಾಗಿಲಲ್ಲಿ ಕೈಯಲ್ಲಿ ಬರೆದು ಅಂಟಿಸಿರೋ "ಪ್ರಾತು ದು ದಿಯಾ" ಅಂದ್ರೆ ಆವತ್ತಿನ ಅಡುಗೆ. ಕಣ್ಣು ಮುಚ್ಚಿ ಅದನ್ನೇ ಹೇಳಿ.

ಬೂತಾಯಿ_ಗಸಿ
ತಾರೀಕು ನೋಡಿದ್ರಾ ಮಾರಾಯ್ರೆ? 12ರ ರಾತ್ರಿ ಲಿಸ್ಬನ್‌ನಲ್ಲಿ ಸಾಂತೊ ಅಂತೋನಿಯೊ ಹಬ್ಬ, 23ರ ರಾತ್ರಿ ಪೋರ್ಟೊದಲ್ಲಿ ಸಾಂವ್ ಜುವಾಂವ್. ಎರಡೂ ನಿಮ್ಮ ಬುಟ್ಟಿಗೆ ಬಿದ್ದಿದೆ. ಎರಡೂ ಸಾರ್ಡೀನ್ ಹಬ್ಬ.

ಸಾರ್ಡೀನ್ ಅಂದ್ರೆ ನಮ್ಮ ಬೂತಾಯಿಯ ನೆಂಟ, ಸ್ವಲ್ಪ ದಪ್ಪ. ಬೇಸಿಗೆಯಲ್ಲಿ ಮೈಗೆ ಕೊಬ್ಬು ಏರ್ತದೆ. ಸಾಂವ್ ಜುವಾಂವ್ ಹೊತ್ತಿಗೆ ಸಾರ್ಡೀನ್ ರೊಟ್ಟಿ ಮೇಲೆ ತೊಟ್ಟಿಕ್ಕುತ್ತದೆ ಅಂತ ಅವರ ಮಾತೇ ಇದೆ. ಚಳಿಗಾಲದಲ್ಲಿ ಸಿಗುವುದು ಹೆಚ್ಚಾಗಿ ಫ್ರೀಜರಿನದ್ದು, ತಿನ್ನುವುದು ದಂಡ. ಮಸಾಲೆ ಇಲ್ಲ, ಹಿಟ್ಟಿಲ್ಲ. ಮೀನು ಇಡೀ, ಚಿಪ್ಪು ಸಮೇತ, ಹೊಟ್ಟೆ ಸೀಳದೆ, ಮೇಲೆ ಹರಳುಪ್ಪು ಎರಚಿ ಕೆಂಡದ ಮೇಲೆ. ಚಿಪ್ಪು ಯಾಕೆ ತೆಗೆಯುವುದಿಲ್ಲ ಅಂದ್ರೆ ಅದು ಕವಚದ ಹಾಗೆ, ತೆಗೆದ್ರೆ ತೊಗಲು ಕಂಬಿಗೆ ಅಂಟಿ ಮೀನು ಹರಿದು ಹೋಗ್ತದೆ.

ತಿನ್ನುವ ಕ್ರಮ: ಒಂದು ದಪ್ಪ ಬ್ರೆಡ್ ತುಂಡಿನ ಮೇಲೆ ಮೀನು ಇಡಿ. ಬೆರಳಿನಲ್ಲಿ ತೊಗಲು ಎಳೆದ್ರೆ ಚಿಪ್ಪಿನ ಜೊತೆಗೇ ಬರ್ತದೆ. ಮೇಲಿನ ಮಾಂಸ ಬೆನ್ನುಮುಳ್ಳಿನಿಂದ ಹೊಟ್ಟೆ ಕಡೆಗೆ ತಳ್ಳಿ ತಿನ್ನಿ. ಆಮೇಲೆ ತಲೆ ಹಿಡಿದು ಎತ್ತಿದ್ರೆ ಮುಳ್ಳು, ಕರುಳು ಎಲ್ಲ ಒಟ್ಟಿಗೇ ಬರ್ತದೆ, ಕೆಳಗಿನ ಅರ್ಧ ಬ್ರೆಡ್ ಮೇಲೆ ಉಳೀತದೆ. ನಾಲ್ಕೈದು ಮೀನು ಆದ ಮೇಲೆ ಆ ಬ್ರೆಡ್ ಎಣ್ಣೆ ಕುಡಿದು ಮೆತ್ತಗಾಗಿರ್ತದೆ ನೋಡಿ, ಅದೇ ಊಟದ ಬಹುಮಾನ. ಬ್ರೆಡ್ ಬಿಸಾಡುವವರನ್ನು ಏನು ಹೇಳುವುದು. ಜೊತೆಗೆ ಬೇಯಿಸಿದ ಬಟಾಟೆ, ಸುಟ್ಟ ದೊಣ್ಣೆಮೆಣಸಿನ ಸಲಾಡ್.

ಹಬ್ಬದ ರಾತ್ರಿ ಬೀದಿ ಒಲೆಯಲ್ಲಿ ಒಂದೊಂದು ಮೀನಿಗೂ ದರ, ಅದೂ ಏರಿರ್ತದೆ. ಕೆಂಡದ ಎದುರು ಸಾಲಿದ್ದಲ್ಲಿ ತೆಗೊಳ್ಳಿ. ಮೊದಲೇ ಸುಟ್ಟು ತಟ್ಟೆಯಲ್ಲಿ ಪೇರಿಸಿಟ್ಟದ್ದು ಬೇಡ, ತಣಿದ ಸಾರ್ಡೀನ್ ಬರೀ ವಾಸನೆ.

ಒಂದು ಪಕ್ಕದ ಮಾತು: ಆ ದಿನಗಳಲ್ಲಿ ಪುಟ್ಟ ಕುಂಡದಲ್ಲಿ ಕಾಮಕಸ್ತೂರಿಯ ಜಾತಿಯ ಗಿಡ ಮಾರ್ತಾರೆ. ಮೂಗು ಇಟ್ಟು ಮೂಸಬಾರದು, ಬಾಡ್ತದೆ ಅಂತ ನಂಬಿಕೆ. ಅಂಗೈಯಿಂದ ಮೆಲ್ಲ ಸವರಿ ಕೈ ಮೂಸಬೇಕು.

ಜೋಳದ_ರೊಟ್ಟಿ
ಭಾರಿ ಹೇಳಿದ್ರಿ. ಆ ಬಕಲ್ಯಾವ್ ಅಂದ್ರ ಏನ್ರಿ, ಒಣಮೀನ? ವಾಸನಿ ಬರ್ತದೇನು?

ಬೂತಾಯಿ_ಗಸಿ
ಒಣಮೀನು ಹೌದು, ಆದ್ರೆ ನಮ್ಮ ಒಣ ಬಂಗುಡೆಯ ಲೆಕ್ಕ ಹಾಕಬೇಡಿ. ಇದು ಕಾಡ್ ಮೀನು, ಪೋರ್ಚುಗಲ್ ಕಡಲಲ್ಲಿ ಸಿಗುವುದೇ ಇಲ್ಲ. ನಾರ್ವೆ, ಐಸ್‌ಲ್ಯಾಂಡ್ ಕಡೆಯಿಂದ ಬರ್ತದೆ. ಮೈಯಲ್ಲಿ ಕೊಬ್ಬು ಬಹಳ ಕಡಿಮೆ, ಕೊಬ್ಬೆಲ್ಲ ಪಿತ್ತಜನಕಾಂಗದಲ್ಲಿ. ಹಾಗಾಗಿ ಉಪ್ಪು ಹಾಕಿ ಒಣಗಿಸಿದ್ರೂ ಕಮಟು ಹತ್ತುವುದಿಲ್ಲ. ನೆನೆಸಿ ಬೇಯಿಸಿದ ಮೇಲೆ ದೊಡ್ಡ ದೊಡ್ಡ ಪಕಳೆಯಾಗಿ ಬಿಡಿಸಿಕೊಳ್ತದೆ. ವಾಸನೆ ಇರುವುದು ಅಂಗಡಿಯಲ್ಲಿ ಹಲಗೆ ಹಾಗೆ ಪೇರಿಸಿಟ್ಟ ಕಡೆ, ತಟ್ಟೆಯಲ್ಲಿ ಅಲ್ಲ.

ಅಡುಗೆಮನೆ ಇರುವ ಮನೆ ಬಾಡಿಗೆಗೆ ಹಿಡಿದಿದ್ರೆ ನೀವೇ ಮಾಡಬಹುದು. ತೂಕದ ಮೇಲೆ ದರ್ಜೆ: ಇಡೀ ಮೀನು 1ರಿಂದ 2 ಕಿಲೋ ಇದ್ರೆ ಕ್ರೆಶ್ಸಿದು, 2ರಿಂದ 3 ಗ್ರಾಉದು, ಅದಕ್ಕೂ ಮೇಲೆ ಎಶ್ಪೆಸಿಯಾಲ್. ಬಣ್ಣ ತಿಳಿ ಹುಲ್ಲಿನ ಹಾಗಿರಬೇಕು. ಗುಲಾಬಿ ಅಥವಾ ಕೆಂಪು ಚುಕ್ಕೆ ಕಂಡ್ರೆ ಬಿಡಿ, ಉಪ್ಪಿನಲ್ಲೂ ಬದುಕುವ ಬ್ಯಾಕ್ಟೀರಿಯಾ ಹಿಡಿದಿದೆ ಅಂತ ಅರ್ಥ. ಹಿಡಿದು ಎತ್ತಿದಾಗ ಬಗ್ಗಿದ್ರೆ ಸರಿಯಾಗಿ ಒಣಗಿಲ್ಲ, ನೀರಿಗೆ ದುಡ್ಡು ಕೊಟ್ಟ ಹಾಗೆ.

ಉಪ್ಪು ತೆಗೆಯುವುದು:
ನಲ್ಲಿ ಕೆಳಗೆ ಮೇಲಿನ ಉಪ್ಪು ತೊಳೆದು ತುಂಡು ಮಾಡಿ. ದೊಡ್ಡ ಪಾತ್ರೆ, ತಣ್ಣೀರು ಮುಳುಗುವಷ್ಟಲ್ಲ, ಅದರ ಎರಡರಷ್ಟು. ತೊಗಲು ಮೇಲೆ ಬರಬೇಕು. ಉಪ್ಪುನೀರು ಭಾರ, ಕೆಳಗೆ ಇಳೀತದೆ. ತೊಗಲು ಅಡಿಗೆ ಬಿದ್ದರೆ ದಾರಿ ಕಟ್ಟಿ ಉಪ್ಪು ಒಳಗೇ ಉಳೀತದೆ. ಪಾತ್ರೆ ಫ್ರಿಜ್‌ನಲ್ಲೇ ಇರಲಿ, ಜೂನ್ ತಿಂಗಳ ಸೆಕೆಗೆ ಹೊರಗಿಟ್ಟರೆ ಲೋಳೆ ಬಂದು ಹಾಳು. ಆರೆಂಟು ಗಂಟೆಗೊಮ್ಮೆ ನೀರು ಬದಲಿಸಿ. ತೆಳು ತುಂಡಿಗೆ 24 ಗಂಟೆ, ನಡುಬೆನ್ನಿನ ದಪ್ಪ ತುಂಡಿಗೆ 48. ಮುಗಿಯಿತೋ ಇಲ್ಲವೋ ಅಂತ ಗೊತ್ತಾಗಲು ದಪ್ಪ ಭಾಗದ ಒಳಗಿನಿಂದ ಒಂದು ಎಳೆ ಕಿತ್ತು ಹಸಿಯಾಗೇ ನಾಲಿಗೆಗೆ ಇಡಿ, ಸಮುದ್ರದ ನೀರಿಗಿಂತ ಕಡಿಮೆ ಉಪ್ಪು ಇರಬೇಕು. ಇನ್ನೂ ಕಟು ಇದ್ರೆ ಕೊನೆಯ ಎರಡು ಮೂರು ಗಂಟೆ ಹಾಲಿನಲ್ಲಿ ಇಡುವ ಪದ್ಧತಿ ಉಂಟು. ಮೂರು ನಾಲ್ಕು ದಿನ ನೆನೆಸಿದ್ರೆ ಉಪ್ಪಿನ ಜೊತೆ ರುಚಿಯೂ ಹೋಗಿ ಹಿಂಡಿದ ಬಟ್ಟೆಯ ಹಾಗಾಗ್ತದೆ.

ಇಷ್ಟು ತಾಳ್ಮೆ ಇಲ್ಲದವರು ಸೂಪರ್ ಮಾರ್ಕೆಟ್‌ನಲ್ಲಿ "ದೆಮುಲ್ಯಾದು" ಅಂತ ಬರೆದ ಫ್ರೋಜನ್ ಪ್ಯಾಕೆಟ್ ನೋಡಿ. ನೆನೆಸಿ ಆಗಿರ್ತದೆ.

ಒಗ್ಗರಣೆ_ಡಬ್ಬಿ
ಬಕಲ್ಯಾವ್ ಮಾಡೋಕೆ ವರ್ಷದ ದಿನಕ್ಕೊಂದರಂತೆ ವಿಧಾನ ಇದೆ ಅಂತ ಅವರು ಹೇಳ್ಕೊಳ್ತಾರೆ. ನಾಲ್ಕು ಸಾಕು.

ಲಿಸ್ಬನ್‌ನಲ್ಲಿ "ಆ ಬ್ರಾಶ್". ಬೈರು ಆಲ್ತು ಪೇಟೆಯ ಅಡುಗೆ. ನಾಲ್ಕು ಜನಕ್ಕೆ ಉಪ್ಪು ತೆಗೆದ ಮೀನು 400 ಗ್ರಾಂ, ಕಡ್ಡಿ ಥರ ಹೆಚ್ಚಿ ಕರಿದ ಆಲೂಗಡ್ಡೆ 500 ಗ್ರಾಂ, ಎರಡು ಈರುಳ್ಳಿ, ಎರಡು ಎಸಳು ಬೆಳ್ಳುಳ್ಳಿ, ಆರು ಮೊಟ್ಟೆ, ಆಲಿವ್ ಎಣ್ಣೆ. ಈರುಳ್ಳಿ ಕೆಂಪಾಗಬಾರದು, ಮೆತ್ತಗಾಗಬೇಕು. ಅದಕ್ಕೆ ಮೀನಿನ ಎಳೆ, ಆಮೇಲೆ ಆಲೂಗಡ್ಡೆ. ಉರಿ ಆರಿಸಿ, ಅನಂತರ ಮೊಟ್ಟೆ. ಇಡೀ ಅಡುಗೆ ನಿಂತಿರೋದು ಆ ಕೊನೇ ಒಂದು ನಿಮಿಷದ ಮೇಲೆ. ಬಾಣಲೆ ಬಿಸಿಗೇ ಮೊಟ್ಟೆ ಗಟ್ಟಿಯಾಗಬೇಕು, ಒದ್ದೆ ಒದ್ದೆಯಾಗಿ ಎಳೆಗೆ ಅಂಟ್ಕೋಬೇಕು. ತಟ್ಟೆಗೆ ಒಣಗಿದ ಎಗ್ ಬುರ್ಜಿ ಬಂದ್ರೆ ಆ ಅಡುಗೆಯವನು ಉರಿ ಆರಿಸಿಲ್ಲ. ಆಲೂಗಡ್ಡೆ ಪ್ಯಾಕೆಟಿಂದಾದ್ರೆ ಗರಿಗರಿ ಹೋಗಿ ಉಪ್ಪುಪ್ಪಾಗಿ ಹಿಟ್ಟಾಗಿರತ್ತೆ, ಒಂದೇ ತುತ್ತಿಗೆ ಗೊತ್ತಾಗತ್ತೆ.

ಪೋರ್ಟೊದಲ್ಲಿ "ಆ ಗೋಮೆಶ್ ದೆ ಸಾ": ಬಿಲ್ಲೆ ಆಲೂಗಡ್ಡೆ, ಈರುಳ್ಳಿ, ಮೇಲೆ ಬೇಯಿಸಿದ ಮೊಟ್ಟೆ, ಕಪ್ಪು ಆಲಿವ್, ಓವನ್ನಲ್ಲಿ ಬೇಯಿಸಿದ್ದು. ಹುಟ್ಟೂರೇ ಅದು. ದಪ್ಪ ತುಂಡು ತಿನ್ನೋ ಆಸೆಯಿದ್ರೆ "ಆ ಲಗರೈರು". ಆಲಿವ್ ಎಣ್ಣೆಯಲ್ಲಿ ಮೀಯಿಸಿರ್ತಾರೆ, ಜೊತೆಗೆ ಸಿಪ್ಪೆ ಸಮೇತ ಸುಟ್ಟು ಮುಷ್ಟಿಯಲ್ಲಿ ಗುದ್ದಿದ ಆಲೂಗಡ್ಡೆ.

ನಾಲ್ಕನೇದು ಮೀನು-ಆಲೂಗಡ್ಡೆ ಬೋಂಡ. ಲಿಸ್ಬನ್‌ನಲ್ಲಿ ಪಶ್ತೆಲ್ ದೆ ಬಕಲ್ಯಾವ್, ಪೋರ್ಟೊದಲ್ಲಿ ಬೊಲಿನ್ಯು ದೆ ಬಕಲ್ಯಾವ್, ವಸ್ತು ಒಂದೇ. ಒಳಗೆ ಕರಗಿದ ಚೀಸ್ ತುಂಬಿ ಮೂರು ಪಟ್ಟು ದರಕ್ಕೆ ಮಾರೋದು ಪ್ರವಾಸಿಗರಿಗೆ ಕಟ್ಟಿದ ಹೊಸ ಕಸರತ್ತು. ಚೀಸಿನ ಉಪ್ಪು, ಮೀನಿನ ಉಪ್ಪು ಎರಡೂ ಸೇರಿ ಏನೂ ಗೊತ್ತಾಗಲ್ಲ. ಬೀದಿ ಮೂಲೆಯ ಬೇಕರಿಯದ್ದು ಸಾಕು.

ಹಸಿಕೊತ್ತಂಬರಿ
ಸಸ್ಯಾಹಾರಿಯವರ ಪಾಲು ನನಗಿರಲಿ. ಮೊದಲು ಒಂದು ಎಚ್ಚರಿಕೆ. ಅಲ್ಲಿ "ಸೆಂ ಕಾರ್ನ್" (ಮಾಂಸ ಬೇಡ) ಅಂದರೆ ಮಾಂಸದ ತುಂಡು ಬೇಡ ಅಂತಷ್ಟೇ ಅರ್ಥ ಮಾಡಿಕೊಳ್ಳುವವರು ಇದ್ದಾರೆ. ಶೊರೀಸು (ಹಂದಿ ಸಾಸೇಜ್), ಪ್ರೆಜುಂತು (ಒಣಗಿಸಿದ ಹಂದಿ ತೊಡೆ) ಅವರ ಲೆಕ್ಕದಲ್ಲಿ ಒಗ್ಗರಣೆ ಇದ್ದ ಹಾಗೆ! ಪೂರ್ತಿ ಹೇಳಿ: "ನಾಂವ್ ಕೋಮು ಕಾರ್ನ್, ನೆಂ ಪೈಶ್, ನೆಂ ಶೊರೀಸು." ಮಾಂಸ, ಮೀನು, ಶೊರೀಸು ಯಾವುದೂ ತಿನ್ನುವುದಿಲ್ಲ ಅಂತ.

ಹೆಸರು ನಂಬಿ ಮೋಸ ಹೋಗುವ ಕೆಲವು:

ಕಾಲ್ದು ವೆರ್ದ್. ಹಸಿರು ಸೂಪು. ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ ಬೇಯಿಸಿ ಅರೆದ ಗಂಜಿಯಂಥ ತಿಳಿಗೆ ಕೂದಲೆಳೆಯಾಗಿ ಹೆಚ್ಚಿದ ಎಲೆಕೋಸಿನ ಜಾತಿಯ ಸೊಪ್ಪು. ಕೊನೆಯ ಐದು ನಿಮಿಷ ಮುಚ್ಚಳ ಇಲ್ಲದೆ ಕುದಿಸಿದರೆ ಹಸಿರು ನಿಲ್ಲುತ್ತದೆ, ಮುಚ್ಚಿದರೆ ಹಳದಿ. ಬಟ್ಟಲಿನಲ್ಲಿ ಶೊರೀಸಿನ ಒಂದು ಬಿಲ್ಲೆ ಇಟ್ಟು ಸೂಪು ಸುರಿಯುತ್ತಾರೆ. ಆ ಬಿಲ್ಲೆ ಬೇಡ ಅಂದರೆ ಮುಗಿಯಲಿಲ್ಲ, ಎಷ್ಟೋ ಕಡೆ ಇಡೀ ಶೊರೀಸನ್ನು ಸೂಪಿನಲ್ಲೇ ಬೇಯಿಸಿರುತ್ತಾರೆ. ಸೂಪಲ್ಲೇ ಬೇಯಿಸಿದ್ದೋ, ಬೇರೆ ಬೇಯಿಸಿದ್ದೋ ಕೇಳಿಯೇ ತೆಗೆದುಕೊಳ್ಳಿ. ಹಬ್ಬದ ಬೀದಿ ಅಂಗಡಿಯಲ್ಲಂತೂ ಕೇಳುವುದೂ ಬೇಡ, ಬೇಯಿಸಿದ್ದೇ ಅಂತ ತಿಳಿದುಕೊಳ್ಳಿ.

ಕಾಂಜಾ. ಇದು ನಮ್ಮ ಗಂಜಿಯೇ ರೀ. ಗೋವೆ, ಕೇರಳದ ಕರಾವಳಿಯಿಂದ ಹಡಗು ಹತ್ತಿದ ಪದ. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾನ ಪುಸ್ತಕದಲ್ಲೇ ಇದೆ. ಆದರೆ ಲಿಸ್ಬನ್ ತಲುಪುವ ಹೊತ್ತಿಗೆ ಗಂಜಿಯೊಳಗೆ ಕೋಳಿ ಬಿದ್ದಿದೆ. ಕಾಂಜಾ ಅಂದರೆ ಈಗ ಕೋಳಿ ಸೂಪು. ಹೊಟ್ಟೆ ಕೆಟ್ಟಿದೆ ಅಂತ ಗಂಜಿ ಕುಡಿಯಲು ಹೋಗಬೇಡಿ.

ಶಮೂಸಾ. ಸಮೋಸ! ಬೇಕರಿ ಗಾಜಿನೊಳಗೆ ತ್ರಿಕೋನವಾಗಿ ಕೂತಿರುತ್ತದೆ. ಇದೂ ಗೋವೆಯ ನಂಟು. ಒಳಗೆ ಸಾಮಾನ್ಯವಾಗಿ ದನದ ಅಥವಾ ಕೋಳಿ ಖೀಮಾ. ತರಕಾರಿಯದ್ದು ಬೇಕಾದರೆ "ದೆ ಲೆಗುಮ್ಶ್" ಅಂತ ಕೇಳಿ.

ಪಶ್ತೆಲ್. ಈ ಪದಕ್ಕೆ ಸಿಹಿ ಅನ್ನುವ ಅರ್ಥವಿಲ್ಲ. ಪಶ್ತೆಲ್ ದೆ ನಾತಾ (ಹಾಲು-ಮೊಟ್ಟೆ ಹೂರಣ ತುಂಬಿದ ಪುಟ್ಟ ಪದರ ಬಟ್ಟಲು) ಸಿಹಿ, ಪಶ್ತೆಲ್ ದೆ ಬಕಲ್ಯಾವ್ ಮೀನು, ಪಶ್ತೆಲ್ ದೆ ಶಾವ್ಶ್ ಮಾಂಸ. ಪಶ್ತೆಲ್ ದೆ ಫೈಜಾಂವ್ ಅಂದರೆ ಬೀನ್ಸ್ ಅಂತಿದ್ದರೂ ಸಿಹಿಯೇ, ಬಿಳಿ ಬೀನ್ಸ್, ಬಾದಾಮಿ, ಮೊಟ್ಟೆಯ ಹೂರಣ. ತಿನ್ನಬಹುದು.

ಪುದಿಂ ಅಬಾದ್ ದೆ ಪ್ರಿಶ್ಕುಶ್. ಬ್ರಾಗಾ ಕಡೆಯ ಕ್ಯಾರಮೆಲ್ ಪುಡ್ಡಿಂಗ್. ನೋಡಿದರೆ ಮುಗ್ಧ, ಒಳಗೆ ಹಂದಿ ಕೊಬ್ಬು ಕಡ್ಡಾಯ. ತೊಸೀನ್ಯು ದು ಸೇವು ಅಂದರೆ "ಸ್ವರ್ಗದ ಹಂದಿಕೊಬ್ಬು". ಇದು ಬಾದಾಮಿ-ಹಳದಿಯ ಕೇಕ್, ಈಗ ಬಹಳ ಕಡೆ ಕೊಬ್ಬಿಲ್ಲದೆ ಮಾಡುತ್ತಾರೆ, ಆದರೂ "ತೆಂ ಬಾನ್ಯಾ?" (ಹಂದಿ ಕೊಬ್ಬು ಇದೆಯಾ) ಅಂತ ಕೇಳಿ.

ಉಲ್ಟಾ ಮೋಸವೂ ಉಂಟು. "ಪೈಶೀನ್ಯುಶ್ ದ ಓರ್ತಾ" ಅಂದರೆ ತೋಟದ ಮರಿಮೀನು. ಮೀನಿಲ್ಲ, ಹುರುಳಿಕಾಯಿ ಬಜ್ಜಿ! ಮೈದಾ, ಮೊಟ್ಟೆ ಹಿಟ್ಟಿನಲ್ಲಿ ಅದ್ದಿ ಕರಿದದ್ದು. ಜಪಾನಿನ ತೆಂಪುರಾಕ್ಕೆ ಇದೇ ಅಜ್ಜಿ ಅನ್ನುತ್ತಾರೆ. ಬಂದ ತಕ್ಷಣ ತಿನ್ನಿ, ಐದು ನಿಮಿಷಕ್ಕೆ ಮೆತ್ತಗಾಗುತ್ತದೆ.

ದಿನದ ಊಟಕ್ಕೆ: ಆರೋಜ್ ದೆ ತುಮಾತ್ (ಟೊಮೆಟೊ ಅನ್ನ, ನೀರುನೀರಾಗಿಯೇ ಇರಬೇಕು, ಕೆಟ್ಟಿದೆ ಅಂದುಕೊಳ್ಳಬೇಡಿ), ಎಶ್ಪರ್‌ಗಾದು ಅನ್ನುವ ಅರೆದ ಪಾಲಕ್, ಬ್ರೋವಾ ಅನ್ನುವ ಜೋಳದ ಬ್ರೆಡ್. ಮೆಕ್ಕೆಜೋಳ, ನಿಮ್ಮ ಬಿಳಿಜೋಳ ಅಲ್ಲ! ಬೀರ್ ಜೊತೆ ತ್ರೆಮೋಸುಶ್, ಹಳದಿ ಕಾಳು, ಉಪ್ಪುನೀರಿನಲ್ಲಿ ಇಟ್ಟದ್ದು. ಸಿಪ್ಪೆಯ ತುದಿ ಹಲ್ಲಿನಿಂದ ಕಚ್ಚಿ ಒತ್ತಿದರೆ ಕಾಳು ಬಾಯಿಗೆ ಚಿಮ್ಮುತ್ತದೆ.

ಇನ್ನು ಚೀಸ್. ಕರುವಿನ ಹೊಟ್ಟೆಯ ರೆನೆಟ್ (ಹಾಲು ಗಟ್ಟಿಯಾಗಿಸುವ ಹೆಪ್ಪು) ಬೇಡ ಅನ್ನುವ ಸಸ್ಯಾಹಾರಿಗಳಿಗೆ ಯುರೋಪಿನಲ್ಲಿ ಇದಕ್ಕಿಂತ ಒಳ್ಳೆಯ ದೇಶ ಕಷ್ಟ. ಸೆರ್ರಾ ದಾ ಎಶ್ತ್ರೆಲಾ, ಅಜೈತಾಂವ್, ಸೆರ್ಪಾ, ಈ ಮೂರೂ ಕುರಿ ಹಾಲಿನವು, ಹೆಪ್ಪು ಹಾಕುವುದು ಒಂದು ಜಾತಿಯ ಮುಳ್ಳುಗಿಡದ ಒಣಗಿದ ನೇರಳೆ ಹೂವಿನ ಎಳೆಗಳಿಂದ. ಉಪ್ಪಿನ ಜೊತೆ ಅರೆದು ನೀರಿನಲ್ಲಿ ನೆನೆಸಿ ಸೋಸಿ ಹಾಲಿಗೆ ಬಿಡುತ್ತಾರೆ. ಅದರಿಂದಲೇ ಒಳಗೆ ಕೆನೆಯ ಹಾಗೆ ಹರಿಯುವ ಮೆದುತನ, ನಾಲಿಗೆಯ ತುದಿಗೆ ಸಣ್ಣ ಕಹಿ. ಆದರೆ ಅಸೋರ್ಶ್ ದ್ವೀಪದ ಸಾಂವ್ ಜೋರ್ಜ್ ಹಸುವಿನ ಹಾಲಿನದು, ಅದಕ್ಕೆ ಪ್ರಾಣಿ ರೆನೆಟ್.

ದೋರು_ದಂಡೆ
ಸೆರ್ರಾ ಚೀಸನ್ನು ಮೇಲಿನ ಮುಚ್ಚಳ ಕತ್ತರಿಸಿ ಚಮಚದಲ್ಲಿ ತೋಡಿ ತಿನ್ನಬೇಕು ಅಂತ ಸೇರಿಸಿ.

ಹಸಿಕೊತ್ತಂಬರಿ
ಸೇರಿಸಲ್ಲ ಸರ್. ಇಡೀ ಚಕ್ರ ಒಂದೇ ಕೂರಿನಲ್ಲಿ ಮುಗಿಸುವವರಿಗೆ ಅದು ಸರಿ. ತೋಡಿದ ಚೀಸು ಒಳಗಿನಿಂದ ಒಣಗುತ್ತದೆ, ಮರುದಿನಕ್ಕೆ ಬಾಗಿಲು ತೆರೆದಿಟ್ಟ ಮನೆ. ನಾಲ್ಕು ಜನಕ್ಕೆ 250 ಗ್ರಾಂ ಆಸುಪಾಸಿನ ಅಜೈತಾಂವ್ ಆದರೆ ತೋಡಿ ತಿನ್ನಿ. ಸೆರ್ರಾ ಆದರೆ ಕೇಕಿನ ಹಾಗೆ ಕತ್ತರಿಸಿ, ಹರಿಯುವ ಕಡೆಗೆ ಬಟ್ಟೆ ಒತ್ತಿಡಿ. ಎರಡನ್ನೂ ತಿನ್ನುವ ಒಂದು ಗಂಟೆ ಮುಂಚೆ ಫ್ರಿಜ್‌ನಿಂದ ಹೊರಗೆ.

ಜೋಳದ_ರೊಟ್ಟಿ
ಎವೊರಾದಾಗ ಏನು?

ಹಸಿಕೊತ್ತಂಬರಿ
ಹಸಿ ಕೊತ್ತಂಬರಿ ಸೊಪ್ಪು! ಎವೊರಾ ಇರುವ ಅಲೆಂತೆಜು ಸೀಮೆಯವರು ನಮ್ಮಂತೆಯೇ ಕಂತೆಗಟ್ಟಲೆ ಹಾಕುತ್ತಾರೆ. ಅಸೋರ್ದಾ ಅಲೆಂತೆಜಾನಾ ಕೇಳಿ. ಒರಳಿನಲ್ಲಿ ಮೂರು ನಾಲ್ಕು ಎಸಳು ಬೆಳ್ಳುಳ್ಳಿ, ಹರಳುಪ್ಪು, ಒಂದು ಕಂತೆ ಕೊತ್ತಂಬರಿ ಕುಟ್ಟಿ, ಅರ್ಧ ಬಟ್ಟಲು ಆಲಿವ್ ಎಣ್ಣೆ ಹಾಕಿ, ಮೊಟ್ಟೆ ಒಡೆದು ಬೇಯಿಸಿದ ಕುದಿನೀರು ಒಂದೂವರೆ ಲೀಟರ್ ಸುರಿದು, ಬಡಿಸುವಾಗ ಹಳೇ ಬ್ರೆಡ್ ಚೂರು ಬಿಡುತ್ತಾರೆ. ಬ್ರೆಡ್ ಎರಡು ಮೂರು ದಿನ ಹಳೆಯದಿರಬೇಕು, ಹೊಸದಾದರೆ ಅಂಟಂಟು ಮುದ್ದೆ. ಕೆಲವರು ಬಕಲ್ಯಾವ್ ಬೇಯಿಸಿದ ನೀರನ್ನೇ ಸುರಿಯುತ್ತಾರೆ, ಸಸ್ಯಾಹಾರಿಯವರು ನೀರಿನ ಬಗ್ಗೆ ಕೇಳಲೇಬೇಕು. ಲಿಸ್ಬನ್ ಕಡೆಯ ಅಸೋರ್ದಾ ಬೇರೆ, ಅದು ಸೀಗಡಿ ಹಾಕಿದ ಬ್ರೆಡ್ ಮುದ್ದೆ.

ಬ್ರೆಡ್ ಹುರಿದು ಮಾಡುವ ಮಿಗಾಶ್‌ಗೆ ಹಂದಿ ಕೊಬ್ಬು ಬೀಳುತ್ತದೆ, ಬಿಡಿ. ಎಲ್ಲಾ ತಿನ್ನುವ ಇಬ್ಬರಿಗೆ ಹಂದಿ ಮಾಂಸ-ಮರುವಾಯಿ (ಕಡಲ ಚಿಪ್ಪಿನ ಮಾಂಸ) ಒಟ್ಟಿಗೆ ಬೇಯಿಸಿದ ಕಾರ್ನ್ ದೆ ಪೋರ್ಕು ಅಲೆಂತೆಜಾನಾ.

ಒಗ್ಗರಣೆ_ಡಬ್ಬಿ
ದನ-ಹಂದಿ ಬೇಡ ಅನ್ನೋರಿಗೆ ಎರಡು ಮಾತು. ಅಲ್ಯೈರಾ ಅನ್ನೋ ಸಾಸೇಜ್ ಯಹೂದಿಗಳು ಹಂದಿ ಇಲ್ಲದೆ ಮಾಡಿದ್ದು ಅಂತ ಎಲ್ಲಾ ಕಡೆ ಓದಿರ್ತೀರಿ. ಕಥೆ ಹಾಗಿರಲಿ, ಇವತ್ತು ಮಿರಾಂದೆಲಾದ ಅಲ್ಯೈರಾದಲ್ಲಿ ಕೋಳಿ ಜೊತೆ ಹಂದಿಯೂ ಇರತ್ತೆ. ಎರಡನೇದು, ಪೋರ್ಟೊದ ಫ್ರಾನ್ಸೆಸೀನ್ಯಾ. ಬ್ರೆಡ್ ನಡುವೆ ದನದ ಸ್ಟೇಕು, ಹ್ಯಾಮು, ಎರಡು ಥರ ಸಾಸೇಜು, ಮೇಲೆ ಕರಗಿದ ಚೀಸು, ಬೀರು-ಟೊಮೆಟೊ ಸಾಸು. ಅವರಿಗೆ ಇದರಲ್ಲಿ ಬ್ರೆಡ್ ಮಾತ್ರ ಉಳಿಯತ್ತೆ. ಸಸ್ಯಾಹಾರಿ ಫ್ರಾನ್ಸೆಸೀನ್ಯಾ ಮಾಡೋ ಕಡೆಗಳಿವೆ, ಆದ್ರೆ ಸಾಸಿಗೆ ಮಾಂಸದ ಸ್ಟಾಕ್ ಹಾಕಿರ್ತಾರಾ ಕೇಳಿ. ತಿನ್ನೋರೂ ಇಬ್ಬರಿಗೆ ಒಂದು ಹೇಳಿ, ಮಧ್ಯಾಹ್ನ ಹೇಳಿ. ಸಾಸು ತೆಳ್ಳಗೆ, ಖಾರವಾಗಿ, ತಟ್ಟೆ ತುಂಬ ಇರಬೇಕು. ಗಟ್ಟಿ ಸಿಹಿ ಕೆಚಪ್ ಥರ ಇದ್ರೆ ತಪ್ಪು ಕಡೆ ಬಂದಿದ್ದೀರಿ.

ಅವರಿಗೆ ನಿರಾಳವಾದದ್ದು ಸುಟ್ಟ ಆಕ್ಟೋಪಸ್ (ಪೋಲ್ವು ಆ ಲಗರೈರು), ಪಿರಿಪಿರಿ ಕೋಳಿ, ಮತ್ತೆ ಬೆಳ್ಳುಳ್ಳಿ-ಕೊತ್ತಂಬರಿಯ ಮರುವಾಯಿ, ಅಮೈಜ್ವಶ್ ಆ ಬುಲ್ಯಾಂವ್ ಪಾತು. ಗಾಜಿನೊಳಗಿಟ್ಟ ಮೀನು, ಏಡಿಗೆ ದರ ಕಿಲೋ ಲೆಕ್ಕ. ತೂಗಿಸಿ, ಒಟ್ಟು ಎಷ್ಟಾಗತ್ತೆ ಕೇಳಿ, ಆಮೇಲೆ ಹೂಂ ಅನ್ನಿ.

ಡಿಕಾಕ್ಷನ್
ಕಾಫಿ. "ಕಫೆ" ಅಂದ್ರೆ ಚಿಕ್ಕ ಕಪ್ಪಿನ ಕರಿ ಎಸ್ಪ್ರೆಸೊ, ಲಿಸ್ಬನ್‌ನಲ್ಲಿ ಅದಕ್ಕೆ ಬೀಕಾ ಅಂತಲೂ ಹೆಸರು. ಫಿಲ್ಟರ್ ಕಾಫಿ ನಾಲಿಗೆಗೆ ಹತ್ತಿರದ್ದು "ಮೈಯಾ ದೆ ಲೈತ್", ದೊಡ್ಡ ಕಪ್ಪಿನಲ್ಲಿ ಅರ್ಧ ಕಾಫಿ ಅರ್ಧ ಹಾಲು. "ಗಲಾಂವ್" ಉದ್ದ ಲೋಟದಲ್ಲಿ ಬರುತ್ತೆ, ಮುಕ್ಕಾಲು ಹಾಲು, ಮಕ್ಕಳಿಗೆ ಸರಿ. ಚಿಕ್ಕದಾಗಿ, ಒಂಚೂರು ಹಾಲು ಬೇಕಂದ್ರೆ ಲಿಸ್ಬನ್‌ನಲ್ಲಿ "ಗರೋತು", ಪೋರ್ಟೊದಲ್ಲಿ "ಪಿಂಗು". ಚಿಕೋರಿ ಮಂದತನ ಯಾವುದರಲ್ಲೂ ಇಲ್ಲ, ಆಸೆ ಇಟ್ಕೋಬೇಡಿ.

ಟೀ ಅವರಿಗೂ "ಶಾ" ಅಂತಲೇ. ಬರೀ ಬಿಸಿನೀರು, ಚೀಲ ಬರುತ್ತೆ. ಹಾಲು ಬೇರೆ ಕೇಳಬೇಕು. ಅಸೋರ್ಶ್‌ನ ಸಾಂವ್ ಮಿಗೆಲ್ ದ್ವೀಪದಲ್ಲಿ 1883ರಿಂದ ಗೊರ್ರಿಯಾನಾ ಟೀ ತೋಟ ಇದೆ, ಅದರ ಪೊಟ್ಟಣ ಲಿಸ್ಬನ್ ಅಂಗಡಿಗಳಲ್ಲೂ ಸಿಗುತ್ತೆ. ರಾತ್ರಿ ಊಟದ ಮೇಲೆ ಕೆಫೀನ್ ಬೇಡದವರಿಗೆ "ಕರಿಯೋಕಾ ದೆ ಲಿಮಾಂವ್", ನಿಂಬೆ ಸಿಪ್ಪೆ ಹಾಕಿದ ಬಿಸಿನೀರು. ಅಷ್ಟೇ, ಆದ್ರೆ ಬಕಲ್ಯಾವ್ ಮೇಲೆ ಅದು ಅಮೃತ.

ಬೇಕರಿ_ಬೆಂಕಿ
ಪಶ್ತೆಲ್ ದೆ ನಾತಾ ಬಗ್ಗೆ ಯಾರೂ ಬರೀಲಿಲ್ವಲ್ಲ.

ಲಿಸ್ಬನ್‌ನ ಬೆಲೆಂನಲ್ಲಿ ಜೆರೋನಿಮುಶ್ ಮಠದ ಪಕ್ಕದ ಅಂಗಡಿ 1837ರಿಂದ ಮಾಡ್ತಿದೆ. 1834ರಲ್ಲಿ ಸರ್ಕಾರ ಮಠಗಳನ್ನ ಮುಚ್ಚಿಸಿತು, ಮಠದ ಅಡುಗೆಗಳು ಬೀದಿಗೆ ಬಂದವು. ಪಶ್ತೆಲ್ ದೆ ಬೆಲೆಂ ಅಂತ ಕರೆಯೋದು ಅಲ್ಲಿಯದ್ದಕ್ಕೆ ಮಾತ್ರ, ಬೇರೆಲ್ಲಾ ಕಡೆ ಪಶ್ತೆಲ್ ದೆ ನಾತಾ. ಕಟ್ಟಿಸಿಕೊಂಡು ಹೋಗೋರ ಸಾಲು ನೋಡಿ ಹೆದರಬೇಡಿ, ಒಳಗೆ ಕೂರೋಕೆ ದೊಡ್ಡ ದೊಡ್ಡ ಕೋಣೆಗಳಿವೆ.

ಒಳ್ಳೇದು ಯಾವುದು ಅಂತ ಗುರುತಿಸೋದು: ಮೇಲೆ ಕಪ್ಪು ಮಚ್ಚೆ ಇರಬೇಕು, ಒಂದೇ ಸಮ ಕಂದು ಅಲ್ಲ. ತಳ ತಿರುಗಿಸಿದ್ರೆ ಪದರಗಳು ಸುರುಳಿ ಸುರುಳಿಯಾಗಿ ಕಾಣಬೇಕು. ಕಚ್ಚಿದಾಗ ಸದ್ದು ಬರಬೇಕು. ಒಳಗಿನದ್ದು ನಡುಗಬೇಕು, ಹರಿಯಬಾರದು. ಬೆಚ್ಚಗಿರೋದನ್ನೇ ಕೇಳಿ, "ಕೆಂತ್". ದಾಲ್ಚಿನ್ನಿ ಪುಡಿ ನೀವೇ ಉದುರಿಸ್ಕೊಳ್ಳಿ. ಫ್ರಿಜ್‌ನಲ್ಲಿಟ್ಟು ಮರುದಿನ ತಿಂದ್ರೆ ಅದು ನಾತಾ ಅಲ್ಲ, ಒದ್ದೆ ಕಾರ್ಡ್‌ಬೋರ್ಡು.

ಊರಿಗೆ ಬಂದು ಮಾಡೋರಿಗೆ, 12ಕ್ಕೆ: ಹಾಲು 250 ಮಿ.ಲೀ., ಮೈದಾ 30 ಗ್ರಾಂ, ಸಕ್ಕರೆ 200 ಗ್ರಾಂ, ನೀರು 100 ಮಿ.ಲೀ., ಮೊಟ್ಟೆಯ ಹಳದಿ 6, ಒಂದು ದಾಲ್ಚಿನ್ನಿ ಚಕ್ಕೆ, ನಿಂಬೆ ಸಿಪ್ಪೆಯ ಎರಡು ಪಟ್ಟಿ. ಬೆಣ್ಣೆಯ ಪಫ್ ಹಾಳೆಯನ್ನ ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ ತಣ್ಣಗಾಗಿಸಿ, ಎರಡು ಸೆಂಟಿಮೀಟರ್ ತುಂಡು ಮಾಡಿ. ಸುರುಳಿ ಮೇಲೆ ಕಾಣೋ ಹಾಗೆ ಅಚ್ಚಿನಲ್ಲಿಟ್ಟು, ಹೆಬ್ಬೆರಳನ್ನ ತಣ್ಣೀರಲ್ಲಿ ಅದ್ದಿ ನಡುವಿಂದ ಮೇಲಕ್ಕೆ ಒತ್ತುತ್ತಾ ಬನ್ನಿ. ತಳ ತೆಳ್ಳಗೆ, ಅಂಚು ಅಚ್ಚಿಗಿಂತ ಒಂದು ಕೂದಲು ಮೇಲೆ.

ಮೈದಾವನ್ನ ಸ್ವಲ್ಪ ತಣ್ಣನೆ ಹಾಲಲ್ಲಿ ಕಲಸಿಡಿ. ಮಿಕ್ಕ ಹಾಲನ್ನ ಚಕ್ಕೆ, ಸಿಪ್ಪೆ ಜೊತೆ ಕುದಿಸಿ ಇದನ್ನ ಸೇರಿಸಿ ಗಟ್ಟಿಯಾಗೋ ತನಕ ಕೈಯಾಡಿಸಿ. ಸಕ್ಕರೆ-ನೀರು ಬೇರೆ, 105 ಡಿಗ್ರಿ, ಎಳೆ ಪಾಕಕ್ಕಿಂತ ಸ್ವಲ್ಪ ಮುಂಚೆ. ಪಾಕವನ್ನ ಸಣ್ಣ ಧಾರೆಯಾಗಿ ಹಾಲಿಗೆ ಬಿಡಿ. ಕೈ ತಡೆಯೋಷ್ಟು ಆರಿದ ಮೇಲೆ ಹಳದಿ ಸೇರಿಸಿ ಸೋಸಿ. ಬಿಸಿಯಲ್ಲಿ ಹಾಕಿದ್ರೆ ಹಳದಿ ಕಾಳುಕಾಳಾಗುತ್ತೆ. ಅಚ್ಚಿಗೆ ಮುಕ್ಕಾಲು ಮಾತ್ರ, ತುಂಬಿದ್ರೆ ಉಕ್ಕಿ ಕೆಳಗಿಳಿದು ಪದರ ತಟ್ಟೆಗೆ ಅಂಟುತ್ತೆ.

ಅವರ ಒಲೆ 300 ಡಿಗ್ರಿ ಆಸುಪಾಸು ಹೋಗುತ್ತೆ, ನಮ್ಮ ಓಟಿಜಿ 250ಕ್ಕೆ ನಿಲ್ಲುತ್ತೆ. ಮಚ್ಚೆ ಬಾರದೇ ಇರೋದು ಅದಕ್ಕೇ. ಒಳಗೊಂದು ದಪ್ಪ ಕಬ್ಬಿಣದ ತಟ್ಟೆ ಇಟ್ಟು ಅರ್ಧ ಗಂಟೆ ಕಾಯಿಸಿ, ಅಚ್ಚನ್ನ ನೇರ ಅದರ ಮೇಲಿಡಿ, ಮೇಲಿನ ಕಾಯಿಲ್‌ಗೆ ಹತ್ತಿರ. 12ರಿಂದ 15 ನಿಮಿಷ. ಮಚ್ಚೆ ಬರಲಿ ಅಂತ 25 ನಿಮಿಷ ಬಿಟ್ರೆ ಒಳಗೆ ಮೊಸರೊಡೆದ ಹಾಗೆ ಒಡೆಯುತ್ತೆ, ಮಚ್ಚೆ ಇಲ್ಲದ್ದೇ ವಾಸಿ.

ದೋರು_ದಂಡೆ
ಈಗ ಪೋರ್ಟ್ ವೈನ್. ದೋರು ಕಣಿವೆಯ ದ್ರಾಕ್ಷಿ. 1756ರಲ್ಲೇ ರಾಜನ ಮಂತ್ರಿ ಮಾರ್ಕೇಶ್ ದೆ ಪೊಂಬಾಲ್ ಕಾಲದಲ್ಲಿ ಇಂಥಾ ಸೀಮೆಯೊಳಗಿನದ್ದೇ ಆಗಬೇಕು ಅಂತ ಗಡಿ ಹಾಕಿದರು. ದ್ರಾಕ್ಷಿ ರಸ ಹುಳಿಯಲು ಬಿಟ್ಟು ಎರಡು ಮೂರು ದಿನಕ್ಕೆ, ಸಕ್ಕರೆ ಅರ್ಧದಷ್ಟು ಉಳಿದಿರುವಾಗಲೇ, 77 ಪರ್ಸೆಂಟಿನ ದ್ರಾಕ್ಷಿ ಸಾರಾಯಿ ಸುರಿಯುತ್ತಾರೆ. ಲೆಕ್ಕ ಸುಮಾರು 435 ಲೀಟರ್ ರಸಕ್ಕೆ 115 ಲೀಟರ್. ಯೀಸ್ಟ್ ಸಾಯುತ್ತದೆ, ಸಿಹಿ ಅಲ್ಲೇ ನಿಲ್ಲುತ್ತದೆ. ಅದಕ್ಕೇ ಸಿಹಿಯೂ ಹೌದು, 19ರಿಂದ 22 ಪರ್ಸೆಂಟ್ ಅಮಲೂ ಹೌದು. ನೀರಿನ ಹಾಗೆ ಇಳಿಯುತ್ತದೆ, ಎದ್ದು ನಿಂತಾಗ ಗೊತ್ತಾಗುತ್ತದೆ.

ಕುಡಿಯುವುದು ನದಿಯಾಚೆ ವಿಲಾ ನೋವಾ ದೆ ಗಾಯಾದಲ್ಲಿ, ಪೀಪಾಯಿ ಗೋದಾಮುಗಳೆಲ್ಲ ಅಲ್ಲಿವೆ, ಸೇತುವೆ ದಾಟಿದರೆ ಆಯಿತು. ಮೊದಲ ಸಲಕ್ಕೆ 10 ವರ್ಷದ ಟಾನಿ. ಪೀಪಾಯಿಯಲ್ಲೇ ಬೆಳೆದದ್ದು, ಗೇರುಬೀಜ, ಒಣದ್ರಾಕ್ಷಿಯ ಪರಿಮಳ, ನಾತಾ ಜೊತೆ ಕೂಡುತ್ತದೆ. ರೂಬಿ ಹಣ್ಣಿನ ರುಚಿ, ಚಾಕೊಲೇಟಿಗೆ. ವಿಂಟೇಜ್ ಅನ್ನುವುದು ಬಾಟಲಿಯೊಳಗೆ ಬೆಳೆಯುವುದು, ಗಷ್ಟು ಕೂರುತ್ತದೆ, ಸೋಸಿ ಬಗ್ಗಿಸಬೇಕು. ತೆರೆದರೆ ಒಂದೆರಡು ದಿನಕ್ಕೆ ಮುಗಿಸಬೇಕು. ಟಾನಿ ತೆರೆದು ಫ್ರಿಜ್‌ನಲ್ಲಿಟ್ಟರೆ ಕೆಲವು ವಾರ ತಡೆಯುತ್ತದೆ, ಉಡುಗೊರೆಗೆ ಅದೇ ಸರಿ. ಜೂನ್ ಬಿಸಿಲಿಗೆ ಬಿಳಿ ಪೋರ್ಟ್ ಒಂದು ಪಾಲು, ಟಾನಿಕ್ ಎರಡು ಪಾಲು, ಐಸು, ಕಿತ್ತಳೆ ಬಿಲ್ಲೆ, ಪುದೀನ.

ವೀನ್ಯು ವೆರ್ದ್ ಅಂದರೆ ಹಸಿರು ವೈನ್ ಅಲ್ಲ, ಎಳೆಯ ವೈನ್. ವಾಯವ್ಯದ ಮಿನ್ಯು ಸೀಮೆಯದ್ದು. ಹಗುರ, ಹುಳಿ, ನಾಲಿಗೆ ಮೇಲೆ ಸಣ್ಣ ಚುರುಚುರು. ಸಾರ್ಡೀನಿಗೆ ಇದಕ್ಕಿಂತ ಜೋಡಿ ಬೇಡ. ವರ್ಷಗಟ್ಟಲೆ ಇಟ್ಟು ಕುಡಿಯುವುದಲ್ಲ, ಹೊಸ ವರ್ಷದ ಬಾಟಲಿ ಕೇಳಿ.

ಲಿಸ್ಬನ್‌ನಲ್ಲಿ ಜಿಂಜಿನ್ಯಾ, ಹುಳಿ ಚೆರ್ರಿ ಮದ್ಯ. ಸಾಂವ್ ದುಮಿಂಗುಶ್ ಚೌಕದ ಕಿಂಡಿ ಅಂಗಡಿಗಳಲ್ಲಿ ನಿಂತೇ ಕುಡಿಯುವುದು. "ಕೋಂ ಎಲಾಶ್" ಅಂದರೆ ಹಣ್ಣು ಸಮೇತ, "ಸೆಂ ಎಲಾಶ್" ಅಂದರೆ ಬರೀ ರಸ. ಬೀಜ ಇರುತ್ತದೆ, ಹಲ್ಲು ಜೋಪಾನ. ಬೀರು ಚಿಕ್ಕ ಲೋಟಕ್ಕೆ ಲಿಸ್ಬನ್‌ನಲ್ಲಿ "ಇಂಪೆರಿಯಾಲ್", ಪೋರ್ಟೊದಲ್ಲಿ "ಫೀನು". ತಪ್ಪಿ ಹೇಳಿದರೂ ಕೊಡುತ್ತಾರೆ, ಆದರೆ ಒಂದು ನಗೆ ಬೀಳುತ್ತದೆ.

ಜೋಳದ_ರೊಟ್ಟಿ
ಕುಡಿಯಲಾರದವರಿಗೆ? ಮತ್ತ ಬಾಟಲಿ ಎಷ್ಟು ತರಬಹುದು?

ಡಿಕಾಕ್ಷನ್
ಸುಮೋಲ್, ಕಿತ್ತಳೆ ಅಥವಾ ಅನಾನಸಿನದು. ಅವರೂ ಅನಾನಾಶ್ ಅಂತಾರೆ, ಪದ ನಮಗೆ ಬಂದದ್ದೇ ಅವರ ಹಡಗಲ್ಲಿ. ಹಳೇ ಥರದ್ದು ಬೇಕಂದ್ರೆ ಲಿಸ್ಬನ್ ಚೌಕಗಳ ಕಿಯೋಸ್ಕಿನಲ್ಲಿ ಕಪಿಲೆ, ಜರಿಗಿಡದ ಎಲೆಯ ಷರಬತ್ತು ತಣ್ಣೀರಿಗೆ, ಮೇಲೊಂದು ನಿಂಬೆ ಸಿಪ್ಪೆ. ಜೊತೆಗೆ ಮಜಗ್ರಾಂ, ತಣ್ಣನೆ ಕರಿಕಾಫಿಗೆ ನಿಂಬೆ, ಸಕ್ಕರೆ. ಕೇಳಿದ್ರೆ ವಿಚಿತ್ರ, ಬಿಸಿಲಲ್ಲಿ ಸರಿಹೋಗುತ್ತೆ. ರಮ್ ಹಾಕೋರೂ ಇದ್ದಾರೆ, "ಸೆಂ ಆಲ್ಕೊಓಲ್" ಅನ್ನಿ.

ದೋರು_ದಂಡೆ
ಭಾರತಕ್ಕೆ ಇಳಿಯುವಾಗ ಸುಂಕವಿಲ್ಲದೆ ತಲೆಗೆ 2 ಲೀಟರ್. ಪೋರ್ಟ್ ಬಾಟಲಿ 750 ಮಿ.ಲೀ., ಹಾಗಾಗಿ ಒಬ್ಬರಿಗೆ ಎರಡು, ಮಿಕ್ಕ ಅರ್ಧ ಲೀಟರಿಗೆ ಚಿಕ್ಕ ಜಿಂಜಿನ್ಯಾ ಬಾಟಲಿ. ಚೆಕ್-ಇನ್ ಬ್ಯಾಗಿನ ನಟ್ಟನಡುವೆ, ಸುತ್ತ ಬಟ್ಟೆ, ಪ್ಲಾಸ್ಟಿಕ್ ಚೀಲ ಎರಡು ಸುತ್ತು. ಟಾನಿಯ ಗಿಡ್ಡ ಬಿರಡೆ ಕೈಯಲ್ಲೇ ತಿರುವಿ ತೆಗೆಯುವಂಥದು, ಸೋರದ ಹಾಗೆ ಅದರ ಮೇಲೆ ಟೇಪ್ ಹಾಕಿ.

ಬೂತಾಯಿ_ಗಸಿ
23ರ ರಾತ್ರಿ ಪೋರ್ಟೊದಲ್ಲಿ ಪ್ಲಾಸ್ಟಿಕ್ ಸುತ್ತಿಗೆಯಿಂದ ಅಪರಿಚಿತರು ತಲೆಗೆ ಕುಟ್ಟುತ್ತಾರೆ, ಅದು ಹಬ್ಬದ ಪದ್ಧತಿ, ಸಿಟ್ಟಾಗಬೇಡಿ. ಊಟ ಎಂಟಕ್ಕೇ ಮುಗಿಸಿ ಹೊರಡಿ. ಆಮೇಲೆ ಟೇಬಲ್ ಸಿಗುವುದಿಲ್ಲ, ಬೀದಿಯ ಸಾರ್ಡೀನೇ ಗತಿ. ಸಸ್ಯಾಹಾರಿಯವರ ಕೈಯಲ್ಲಿ ಮಾತ್ರ ಬ್ರೋವಾ, ಚೀಸ್ ಒಂದು ಪೊಟ್ಟಣ ಇರಲಿ.

ಜೋಳದ_ರೊಟ್ಟಿ
ಬರಕೊಂಡೆ. ಮೈಯಾ ದೋಸ್ ನಾಲ್ಕು, ಅಜೈತಾಂವ್ ಒಂದು, ಕುವೆರ್‌ದಾಗಿನ ಬ್ರೆಡ್ ಇರಲಿ, ಚೀಸ್ ವಾಪಸ್.